ಮಿತ್ರನ ಮಾತಿನ ಬೆಲೆ

ಗೃಹಸ್ಥನಾದವನು ಹಸುವೊಂದನ್ನು ಕೊಳ್ಳಬೇಕಾದರೆ ಮೊದಲು ಬಲ್ಲವರನ್ನು ವಿಚಾರಿಸುವನು. ಹಸುವಿನ ಹಲ್ಲುಗಳನ್ನು ತಾನೇ ಎಣಿಸಬಹುದು. ಅದು ಒದೆಯುವುದೋ ಇಲ್ಲವೋ ಎಂಬುದನ್ನು ಮಾತ್ರ ಸಾಕಿದವನೇ ಹೇಳಬೇಕು. ಇಂತಹ ಮಾತಿಗೆ ನಮ್ಮ ನೈಯಾಯಿಕರು ಪ್ರಮಾಣಗಳ ಸಾಲಿನಲ್ಲಿ ಸ್ಥಾನ ಕೊಟ್ಟಿರುವರು. ವಸ್ತುವನ್ನು ಕಣ್ಣಾರೆ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನು. ಆಪ್ತನ ಉಪದೇಶವೇ ಶಬ್ದಪ್ರಮಾಣವು. ಹುಟ್ಟಿದ ಕುಲವಾಗಲಿ ನಾಡಾಗಲಿ ಆಪ್ತತ್ವಕ್ಕೆ ಅಡ್ಡಿಯಲ್ಲವೆಂದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ಆದರೆ ಆಪ್ತನ ಕೈಗೆ ಮಾರುವವನು ಹಣವನ್ನಿಟ್ಟರೆ ಅವನ ಮಾತು ಪ್ರಮಾಣವಾಗಿ ಉಳಿಯುವುದೇ? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟುದು ಯಾವ ಶಾಸ್ತ್ರಗ್ರಂಥವೂ ಅಲ್ಲ, ವಿದ್ಯುತ್ತಿನಿಂದ ಓಡುವ ಒಂದು ಮೋಟಾರು ಕಾರು.

ನಮ್ಮಲ್ಲಿ ವ್ಯಾಕರಣ ಕಲಿತ ಶಿಷ್ಯನೊಬ್ಬನು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ನೆಲಸಿರುವನು. ಟೆಸ್ಲಾ ಕಾರನ್ನಿಟ್ಟುಕೊಂಡಿರುವ ಆತನು ನಮಗೆ ಬರೆದ ಪತ್ರದಲ್ಲಿ, ಆ ನಾಡಿನಲ್ಲಿ ನಡೆದ ಒಂದು ವಿಚಿತ್ರವನ್ನು ತಿಳಿಸಿ, “ಇದು ಧರ್ಮವೋ, ಬರಿಯ ವ್ಯಾಪಾರದ ಹಟವೋ?” ಎಂದು ಕೇಳಿದ್ದನು. ಉತ್ತರವನ್ನು ವಾಚಕರೊಡನೆ ಹಂಚಿಕೊಳ್ಳುವುದು ಉಚಿತವೆಂದು ತೋರಿತು.

2015ರ ಬೇಸಗೆಯಲ್ಲಿ ಟೆಸ್ಲಾ ಕಂಪೆನಿಯವರು ಒಂದು ಯೋಜನೆಯನ್ನು ಹೊರಡಿಸಿದರು. ಕಾರಿನ ಒಡೆಯನು ತನ್ನ ಮಿತ್ರನಿಗೆ ಶಿಫಾರಸು ಮಾಡಿ, ಆ ಮಿತ್ರನು ಕಾರನ್ನು ಕೊಂಡರೆ, ಒಡೆಯನಿಗೆ 1000 ಡಾಲರುಗಳ ಜಮೆ. ಕೊಂಡವನಿಗೂ ಬೆಲೆಯಲ್ಲಿ 1000 ಡಾಲರುಗಳ ಸೋಡಿ. ಕಂಪೆನಿಯು ಮಧ್ಯವರ್ತಿಗಳಾದ ಅಂಗಡಿಕಾರರನ್ನಿಟ್ಟುಕೊಳ್ಳದೆ ತಾನೇ ನೇರವಾಗಿ ಮಾರುತ್ತಿದ್ದುದರಿಂದ, ಗಿರಾಕಿಗಳ ನಾಲಗೆಯೇ ಅದಕ್ಕೆ ಅಂಗಡಿಯಾಯಿತು. ಆದರೆ ವರ್ಜೀನಿಯಾದಲ್ಲಿ ಯೋಜನೆಯು ಅದೇ ವರ್ಷ ನಿಂತುಹೋಯಿತು. ಪರವಾನಗಿ ಪಡೆದ ಮಾರಾಟಗಾರನ ಹೊರತು ಬೇರೆ ಯಾರಿಗೂ ವಾಹನದ ಮಾರಾಟದ ಸಂಬಂಧವಾಗಿ ಯಾವ ರೂಪದಲ್ಲಿಯೂ ಪ್ರತಿಫಲ ಕೊಡಕೂಡದೆಂಬುದು ಅಲ್ಲಿನ ಶಾಸನ. ಹೀಗೆ ಗಿರಾಕಿಯನ್ನು ಹಿಡಿದುಕೊಟ್ಟು ಕೂಲಿ ಪಡೆಯುವವನಿಗೆ ಆ ದೇಶದ ಆಡುಮಾತಿನಲ್ಲಿ ‘ಬರ್ಡ್ ಡಾಗ್’ ಎಂದು ಹೆಸರು. ಪೊದೆಯಲ್ಲಿ ಅಡಗಿದ ಹಕ್ಕಿಯನ್ನು ಬೇಟೆಗಾರನಿಗೆ ತೋರಿಸಿಕೊಡುವ ನಾಯಿಯೆಂದರ್ಥ. ಉಪಮೆಯಲ್ಲಿ ಬೇಟೆಗಾರನು ಯಾರು, ನಾಯಿ ಯಾರು ಎಂಬುದು ಸ್ಪಷ್ಟವಾಗಿದೆ. ಹಕ್ಕಿ ಯಾರೆಂಬುದನ್ನು ಹೇಳಬೇಕಾಗಿಲ್ಲ.

ಒಂದೇ ದೇಶ, ಒಂದೇ ಕಂಪೆನಿ, ಒಂದೇ ಕಾರು. ಆದರೂ ಬೇರೆ ಕಡೆ ಬಹುಮಾನವಾದುದು ಇಲ್ಲಿ ಅಪರಾಧ. ಈ ಬೇಲಿಯನ್ನು ಕಟ್ಟಿದವರೆಲ್ಲರೂ ಧರ್ಮಾತ್ಮರೆಂದು ನಾವು ಹೇಳಲಾರೆವು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಕಾರು ತಯಾರಿಸುವವನು ತಾನೇ ಮಾರಕೂಡದೆಂಬ ಕಟ್ಟಳೆಯುಂಟು. ದೊಡ್ಡ ಕಾರ್ಖಾನೆಗಳು ಚಿಕ್ಕ ಅಂಗಡಿಕಾರರನ್ನು ತುಳಿಯದಿರಲೆಂದು ಹುಟ್ಟಿದ ಈ ನಿಯಮವು, ಕಾಲಕ್ರಮದಲ್ಲಿ ಅಂಗಡಿಕಾರರ ಕೋಟೆಯೂ ಆಯಿತು. ಮಿಷಿಗನ್ ರಾಜ್ಯವು 2014ರಲ್ಲಿ ಇಂತಹ ಶಾಸನವನ್ನು ಬಿಗಿಮಾಡಲು, ಟೆಸ್ಲಾದವರು 2016ರಲ್ಲಿ ನ್ಯಾಯಾಲಯಕ್ಕೆ ಹೋದರು, 2020ರಲ್ಲಿ ರಾಜಿಯಾಯಿತು. ವರ್ಜೀನಿಯಾದ ನಿಷೇಧದಿಂದಲೂ ಅಂಗಡಿಕಾರನಿಗೆ ನಷ್ಟವೇನೂ ಇಲ್ಲ. ಸೋಡಿ ತಪ್ಪಿದುದು ಕೊಳ್ಳುವವನಿಗೆ. ಆದುದರಿಂದ ಶಿಷ್ಯನ ಸಂದೇಹವು ನಿರಾಧಾರವಲ್ಲ.

ಆದರೆ ಇನ್ನೊಂದು ಪಕ್ಕವನ್ನೂ ನೋಡಬೇಕು. ಬಹುಮಾನವು ಸಾವಿರ ಡಾಲರಿಗೇ ನಿಲ್ಲಲಿಲ್ಲ. 2017ರ ಕೊನೆಗೆ, ಐದು ಶಿಫಾರಸುಗಳನ್ನು ಮೀರಿದ ಮೇಲೆ ಪ್ರತಿಯೊಂದಕ್ಕೂ, ಮುಂದೆ ಬರಲಿದ್ದ ರೋಡ್‌ಸ್ಟರ್ ಎಂಬ ಬೆಲೆಬಾಳುವ ಕಾರಿನಲ್ಲಿ ನೂರಕ್ಕೆ 2ರಂತೆ ಸೋಡಿ ಎಂದಾಯಿತು. 55 ಜನರನ್ನು ಒಪ್ಪಿಸಿದವನಿಗೆ ಕಾರೇ ಉಚಿತ. ಐವತ್ತೈದು ಮಂದಿ ಮಿತ್ರರು ಯಾವ ಗೃಹಸ್ಥನಿಗಿರುವರು? ಕಂಡವರನ್ನೆಲ್ಲ ಮಿತ್ರರೆಂದು ಕರೆದು, ಚಲಚ್ಚಿತ್ರಗಳನ್ನು ಮಾಡಿ, ತಮ್ಮ ಗುರುತಿನ ಸಂಕೇತವನ್ನು ಊರೆಲ್ಲ ಹಂಚಿದವರುಂಟು. ವೆಚ್ಚವು ಮಿತಿಮೀರಿತೆಂದು ಕಂಪೆನಿಯೇ 2019ರ ಫೆಬ್ರವರಿಯಲ್ಲಿ ಆ ಯೋಜನೆಯನ್ನು ಮುಗಿಸಿ, ಬಳಿಕ ಬೇರೆ ಬೇರೆ ರೂಪಗಳಲ್ಲಿ ಮರಳಿ ತಂದಿತು. 2020ರಲ್ಲಿ ಬರುವುದೆಂದಿದ್ದ ಆ ರೋಡ್‌ಸ್ಟರ್ ಮಾತ್ರ 2024 ಕಳೆದರೂ ಯಾರ ಮನೆಯ ಬಾಗಿಲಿಗೂ ಬರಲಿಲ್ಲ.

ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಪುಸ್ತಕ ವ್ಯಾಪಾರಿಯೊಬ್ಬರು ನಮ್ಮ ಬಳಿಗೆ ಬಂದು, ತಮ್ಮ ವ್ಯಾಕರಣ ಪುಸ್ತಕವನ್ನು ತರಗತಿಗೆ ಗೊತ್ತುಮಾಡಿದರೆ ಪ್ರತಿಯೊಂದಕ್ಕೆ ಇಷ್ಟೆಂದು ಕೊಡುವುದಾಗಿ ಹೇಳಿದರು. ಪುಸ್ತಕವು ನಿಜವಾಗಿಯೂ ಚೆನ್ನಾಗಿತ್ತು. ತೊಡಕು ಇದ್ದುದೇ ಅಲ್ಲಿ. ಹಣವನ್ನು ತೆಗೆದುಕೊಂಡು ಅದನ್ನು ಹೊಗಳಿದ್ದರೆ ನಮ್ಮ ಮಾತು ಸುಳ್ಳಾಗುತ್ತಿರಲಿಲ್ಲ; ಆದರೆ ಮರುವರ್ಷ ಅದಕ್ಕಿಂತ ಉತ್ತಮವಾದ ಪುಸ್ತಕ ಬಂದಾಗ ಅದನ್ನು ತೆರೆದುನೋಡುವ ಮನಸ್ಸು ನಮಗೆ ಇರುತ್ತಿತ್ತೇ? ಆ ಮೊತ್ತವನ್ನು ಮಕ್ಕಳಿಗೆ ಬೆಲೆಯಲ್ಲಿಯೇ ಇಳಿಸಿಕೊಡಿರೆಂದೆವು; ಅವರು ಸ್ವಲ್ಪ ಇಳಿಸಿದರು. ಲಂಚವು ಯಾವಾಗಲೂ ಸುಳ್ಳನ್ನಾಡಿಸುವುದಿಲ್ಲ. ಎಷ್ಟೋ ವೇಳೆ ನಿಜವನ್ನು ಅರ್ಧಕ್ಕೆ ನಿಲ್ಲಿಸುವುದು. ಕಾರು ವೇಗವಾಗಿ ಓಡುವುದೆಂದು ಹೇಳಿದವನು, ಚಳಿಗಾಲದಲ್ಲಿ ಅದು ಓಡುವ ದೂರ ಕಡಮೆಯಾಗುವುದೆಂಬುದನ್ನು ಮರೆಯುವನು.

ಹಾಗೆಂದು ಪ್ರತಿಫಲವೆಲ್ಲವೂ ಪಾಪವಲ್ಲ. ಮದುವೆಯ ದಲ್ಲಾಳಿಯು ದಲ್ಲಾಳಿಯೆಂದೇ ನಮ್ಮ ಮನೆಗೆ ಬರುವನು; ಅವನ ಹೊಗಳಿಕೆಯಲ್ಲಿ ಎಷ್ಟನ್ನು ಕಳೆಯಬೇಕೆಂಬುದನ್ನು ಮನೆಯ ಹೆಂಗಸರು ಚೆನ್ನಾಗಿ ಬಲ್ಲರು. ಕೆಡುಕಿರುವುದು ಕೂಲಿಯಲ್ಲಲ್ಲ, ಕೂಲಿಯನ್ನು ಸ್ನೇಹದ ಸೆರಗಿನಲ್ಲಿ ಮುಚ್ಚುವುದರಲ್ಲಿ. ನಮ್ಮ ದೇಶದಲ್ಲಿಯೂ 2022ರಲ್ಲಿ ಹೊರಟ ಜಾಹೀರಾತಿನ ನಿಯಮಗಳು, ವಸ್ತುವನ್ನು ಹೊಗಳುವವನು ಮಾರುವವನೊಡನೆ ತನಗಿರುವ ಹಣದ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ವಿಧಿಸಿವೆ. ಪೂರ್ತಿ ನಿಷೇಧಕ್ಕಿಂತ ಇದು ನಮಗೆ ಮೆಚ್ಚಿಗೆಯಾದ ದಾರಿ. ಟೆಸ್ಲಾ ಕಂಪೆನಿಯು 2021ರಲ್ಲಿ ಬೆಂಗಳೂರಿನಲ್ಲಿ ತನ್ನ ಭಾರತೀಯ ಶಾಖೆಯನ್ನು ನೋಂದಾಯಿಸಿ, 2025ರ ಜುಲೈಯಲ್ಲಿ ಮುಂಬಯಿಯಲ್ಲಿ ಮಳಿಗೆಯನ್ನು ತೆರೆದಿರುವುದರಿಂದ, ಈ ವಿಚಾರ ನಮಗೂ ದೂರದ್ದಲ್ಲ.

ಶಿಷ್ಯನಿಗೆ ನಾವು ಬರೆದ ಉತ್ತರವಿಷ್ಟು: “ಬೇಲಿಯನ್ನು ಹಾಕಿದವನ ಉದ್ದೇಶ ಏನೇ ಇರಲಿ, ಅದರೊಳಗೆ ನಿನಗೊಂದು ಲಾಭವಿದೆ. ಕಾರು ಹೇಗಿದೆಯೆಂದು ನೆರೆಯವನು ಕೇಳಿದಾಗ, ಅದರ ಗುಣವನ್ನೂ ದೋಷವನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲೆ, ಅವನೂ ನಂಬುವನು. ಬೇಲಿಯಿಲ್ಲದ ಊರಿಗೆ ಹೋದರೆ, ನಿನಗೆ ಬರುವುದೆಷ್ಟೆಂಬುದನ್ನು ಮೊದಲು ಹೇಳಿ ಆಮೇಲೆ ಕಾರಿನ ಮಾತನ್ನೆತ್ತು.” ವಾಚಕರ ಮನೆಗೂ ಇದೇ ನಿಯಮ ಸಾಕು. ಹೊಗಳುವ ಮುನ್ನ ನಮಗೇನು ಬರುವುದೆಂಬುದನ್ನು ಹೇಳೋಣ. ಹೊಗಳಿಕೆಯನ್ನು ಕೇಳಿದಾಗ ನಿಮಗೇನು ಬರುವುದೆಂದು ಸಂಕೋಚವಿಲ್ಲದೆ ಕೇಳೋಣ. ನಿಜವಾದ ಮಿತ್ರನು ಆ ಪ್ರಶ್ನೆಗೆ ಮುನಿಯಲಾರನು.