ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ

ಕುಮಟಾದ ಕಡೆ ಪ್ರವಾಸ ಹೋದವರು ಮಿರ್ಜಾನ್ ಕೋಟೆ ನೋಡಿ ನೇರವಾಗಿ ಗೋಕರ್ಣದ ಹಾದಿ ಹಿಡಿಯುವುದು ವಾಡಿಕೆ. ಅದೇ ಸುತ್ತಿನಲ್ಲಿ ಅಘನಾಶಿನಿ ನದಿಯ ಅಳಿವೆಯುದ್ದಕ್ಕೂ ಗಜನಿ ಗದ್ದೆಗಳಿವೆ. ವಿಜ್ಞಾನ ಓದುವ ಮಕ್ಕಳು ಅವಶ್ಯವಾಗಿ ನೋಡಬೇಕಾದ ಸ್ಥಳವಿದು.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ದೊಡ್ಡ ಅಣೆಕಟ್ಟೆಗೆ ಸಿಗದೆ ಕಡಲು ಸೇರುತ್ತದೆ. ಕಡಲಿನ ಸಮೀಪ ನದಿ ಅಗಲವಾಗಿ ಹರಡಿಕೊಳ್ಳುತ್ತದೆ. ದಿನಕ್ಕೆ ಎರಡು ಬಾರಿ ಉಬ್ಬರದೊಂದಿಗೆ ಉಪ್ಪುನೀರು ಒಳಬರುತ್ತದೆ. ಈ ತಗ್ಗು ಭೂಮಿಯೇ ಗಜನಿ. ಮಾಣಿಕಟ್ಟಾ ಮುಂತಾದ ಊರುಗಳ ಗಜನಿಯಲ್ಲಿ ಬೆಳೆಯುವ ಭತ್ತದ ಹೆಸರು ಕಗ್ಗ.

ಉಪ್ಪಿನಲ್ಲಿ ಹಾಕಿಟ್ಟ ಮಾವಿನ ಮಿಡಿ ನೀರು ಬಿಟ್ಟು ಸೊರಗುವುದನ್ನು ನೀವೆಲ್ಲ ಅಡುಗೆಮನೆಯಲ್ಲಿ ಕಂಡಿದ್ದೀರಿ. ಪಾಠದಲ್ಲಿ ಇದನ್ನು ಅಭಿಸರಣೆ ಎನ್ನುತ್ತೇವೆ. ಉಪ್ಪುನೆಲದಲ್ಲಿ ಸಾಮಾನ್ಯ ಭತ್ತದ ಬೇರಿಗೂ ಇಂಥದೇ ಕಷ್ಟ. ಕಗ್ಗ ಈ ಉಪ್ಪನ್ನು ತಾಳುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ಎಷ್ಟೋ ತಲೆಮಾರುಗಳ ರೈತರು ಬೀಜ ಆರಿಸಿ ಉಳಿಸಿಕೊಂಡು ಬಂದ ಗುಣವಿದು.

ಇಲ್ಲಿನ ವ್ಯವಸಾಯದ ಕ್ರಮವೂ ಕುತೂಹಲಕರ. ಜೂನ್ ತಿಂಗಳ ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜ ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿ ಸಿಂಪಡಣೆಯಿಲ್ಲ. ಅಕ್ಟೋಬರ್ ಹೊತ್ತಿಗೆ ಕೊಯ್ಲು. ಬಳಿಕ ಒಡ್ಡಿನ ತೂಬು ತೆರೆದರೆ ಉಬ್ಬರದ ಜೊತೆ ಸಿಗಡಿ ಮತ್ತು ಮೀನಿನ ಮರಿಗಳು ಒಳಬರುತ್ತವೆ. ಕೊಳೆಯುವ ಕೂಳೆಯಿಂದ ಅವುಗಳಿಗೆ ಆಹಾರ. ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಒಂದೇ ಗದ್ದೆ ಅನ್ನವನ್ನೂ ಕೊಡುತ್ತದೆ, ಮೀನನ್ನೂ ಕೊಡುತ್ತದೆ.

1990ರ ದಶಕದಲ್ಲಿ ರಫ್ತಿನ ಆಸೆಯಿಂದ ಸಿಗಡಿ ಕೃಷಿ ನಮ್ಮ ದೇಶದ ಕರಾವಳಿಯಲ್ಲೆಲ್ಲ ಹಬ್ಬಿತು. ಇಕ್ಕಟ್ಟಾದ ಕೊಳಗಳಲ್ಲಿ ಮರಿ ತುಂಬಿ, ಕಾರ್ಖಾನೆಯ ಮೇವು ಹಾಕಿ ಬೆಳೆಸುವ ಪದ್ಧತಿಯದು. ಆ ದಶಕದ ನಡುವೆ ಬಂದ ಬಿಳಿಚುಕ್ಕೆ ವೈರಸ್ ರೋಗ ಕೊಳಕ್ಕೆ ಕೊಳವನ್ನೇ ಬರಿದು ಮಾಡಿತು. ಒಂದೇ ಜೀವಿಯನ್ನು ಒತ್ತೊತ್ತಾಗಿ ಬೆಳೆದಲ್ಲಿ ರೋಗ ಬೇಗ ಹರಡುತ್ತದೆ. ಕರಾವಳಿಯ ಇಂಥ ಕೊಳಗಳಿಗೆ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕಡಿವಾಣ ಹಾಕಿತು.

ಹಾಗೆಂದು ಸಿಗಡಿಯತ್ತ ಹೊರಳಿದ ರೈತರನ್ನು ಜರೆಯುವುದು ನ್ಯಾಯವಲ್ಲ. ಕಗ್ಗದ ಇಳುವರಿ ಕಡಿಮೆ, ವರ್ಷಕ್ಕೆ ಒಂದೇ ಬೆಳೆ. ಸಿಗಡಿಯಲ್ಲಿ ಕೈತುಂಬ ಹಣ ಕಂಡಾಗ ಮನಸ್ಸು ಅತ್ತ ವಾಲುವುದು ಸಹಜ. ಆದರೆ ಗಜನಿಯಲ್ಲಿ ಒಬ್ಬನ ಗದ್ದೆ ಒಬ್ಬನದೇ ಅಲ್ಲ. ಒಡ್ಡು ಒಂದೇ, ತೂಬೂ ಎಲ್ಲರಿಗೂ ಸೇರಿದ್ದು. ಕೆಲವರು ಸಿಗಡಿಗಾಗಿ ಮಳೆಗಾಲದಲ್ಲೂ ಉಪ್ಪುನೀರು ಬಿಟ್ಟುಕೊಂಡರೆ ಪಕ್ಕದವನ ಭತ್ತ ಉಳಿಯುವುದಿಲ್ಲ. ಆದ್ದರಿಂದ ಕಗ್ಗ ಉಳಿಯಬೇಕಾದರೆ ಬೀಜವಿದ್ದರೆ ಸಾಲದು, ಊರಿನಲ್ಲಿ ಒಮ್ಮತವೂ ಇರಬೇಕು. ಬೀಜವನ್ನು ಡಬ್ಬಿಯಲ್ಲಿಟ್ಟು ಕಾಪಾಡಬಹುದು. ಒಮ್ಮತವನ್ನು ಹಾಗೆ ಕಾಪಾಡಲು ಬರುವುದಿಲ್ಲ.

2024ರಲ್ಲಿ ಈ ಅಳಿವೆ ರಾಮ್‌ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಸಂತೋಷದ ಸಂಗತಿಯೇ. ಆದರೆ ಕಗ್ಗಕ್ಕೆ ತಕ್ಕ ಬೆಲೆ ಸಿಕ್ಕರೆ ಮಾತ್ರ ರೈತ ಮುಂದಿನ ಮಳೆಗಾಲಕ್ಕೆ ಬೀಜ ನೆನೆಸಿಟ್ಟಾನು. ಪಾಲಕರು ಅತ್ತ ಹೋದಾಗ ಮಕ್ಕಳಿಗೆ ಈ ಗದ್ದೆಗಳನ್ನು ತೋರಿಸಲಿ, ಕಗ್ಗದ ಅಕ್ಕಿ ಎಲ್ಲಿ ಸಿಗುತ್ತದೆಂದು ಅಲ್ಲಿಯ ರೈತರನ್ನೇ ವಿಚಾರಿಸಲಿ. ಸಿಕ್ಕಿದರೆ ಒಂದೆರಡು ಕಿಲೋ ಕೊಂಡು ತರಲಿ.