ಬೆಂಕಿ ಕಾಣದ ನೀಲಮಣಿ

ಇಂದ್ರನೀಲವೆಂದೊಡನೆ ನಮ್ಮ ಪ್ರಾಚೀನ ಕಾವ್ಯಗಳ ವಿದ್ಯಾರ್ಥಿಗೆ ನೆನಪಾಗುವುದು ಅರಮನೆಯ ನೆಲಗಟ್ಟು, ನಾಯಿಕೆಯ ಮುಂಗುರುಳು, ಕಾರ್ಗಾಲದ ಮುಗಿಲು. ಕಾಲು ಶತಮಾನ ಕಾಲ ಈ ಉಪಮಾನಗಳನ್ನು ತರಗತಿಯಲ್ಲಿ ವಿವರಿಸುತ್ತ ಬಂದ ನನಗೆ ನಿಜವಾದ ನೀಲವೊಂದನ್ನು ಅಂಗೈಯಲ್ಲಿಟ್ಟು ನೋಡುವ ಪ್ರಸಂಗ ಒದಗಿದ್ದು ಮಗಳ ಮದುವೆ ನಿಶ್ಚಯವಾದ ಮೇಲೆಯೇ. ಅದೂ ಕವಿಸಮಯಕ್ಕೆ ಒಗ್ಗದ ನೀಲ. ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ.

ಮಗಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ವರನ ಮನೆ ನವಿಮುಂಬಯಿಯ ನೆರೂಳಿನಲ್ಲಿ, ಮನೆಮಾತು ಮರಾಠಿ. ಉಂಗುರಕ್ಕೆ ವಜ್ರ ಬೇಡವೆಂದವಳು ತನಗೆ ಬೇಕಾದುದನ್ನು ಸ್ಪಷ್ಟವಾಗಿ ಹೇಳಿದಳು: "ಎರಡು ಬಣ್ಣದ ನೀಲ ಬೇಕು ಅಪ್ಪಾ. ಆದರೆ ಕಾಯಿಸಿದ್ದು ಬ್ಯಾಡ." ನೀಲವೆಂಬ ಹೆಸರು ಕೇಳಿಯೇ ಧಾರವಾಡದಿಂದ ನನ್ನ ಅಕ್ಕ ದೂರವಾಣಿ ಮಾಡಿದಳು. ಶನಿಯ ಕಲ್ಲು ಎಲ್ಲರಿಗೂ ಆಗಿಬರುವುದಿಲ್ಲ, ಮೂರು ರಾತ್ರಿ ದಿಂಬಿನ ಕೆಳಗಿಟ್ಟು ಕನಸು ನೋಡಬೇಕೆಂಬುದು ಅವಳ ಸಲಹೆ. ಉತ್ತರದ ಜ್ಯೋತಿಷಿಗಳು ಇಂಥ ಕಲ್ಲನ್ನು 'ಪೀತಾಂಬರಿ ನೀಲಂ' ಎಂದು ಕರೆದು, ಅದರಲ್ಲಿ ಶನಿ ಗುರು ಇಬ್ಬರನ್ನೂ ಕಾಣುತ್ತಾರೆಂದು ತಿಳಿಸಿದೆ. "ಗುರು ಇದ್ದಾನಂದ್ರ ನಡದೀತು" ಎಂದಳು. ಮಾಸ್ತರನ ಮನೆಯಲ್ಲಿ ಗುರುವಿಗೆ ಅಷ್ಟಾದರೂ ಬೆಲೆ ಉಳಿದಿದೆ.

ರತ್ನಶಾಸ್ತ್ರ ಬೇರೆಬೇರೆ ಹೆಸರಿಟ್ಟು ಬೇರೆಬೇರೆ ಗ್ರಹಗಳಿಗೆ ಹಂಚಿದ ಕೆಂಪು ಮಾಣಿಕ್ಯ, ನೀಲಿ ನೀಲ, ಹಳದಿ ಪುಷ್ಯರಾಗಗಳು ಖನಿಜವಿಜ್ಞಾನದ ದೃಷ್ಟಿಯಲ್ಲಿ ಒಂದೇ ವಸ್ತು: ಅಲ್ಯೂಮಿನಿಯಮ್ ಮತ್ತು ಆಮ್ಲಜನಕದ ಹರಳು. ಅದರ ಕೋರಂಡಮ್ ಎಂಬ ಹೆಸರು ತಮಿಳಿನ ಕುರುಂದಮ್, ಸಂಸ್ಕೃತದ ಕುರುವಿಂದಗಳ ಬಳಗಕ್ಕೆ ಸೇರಿದ್ದು. ಭೂಗರ್ಭದಲ್ಲಿ ಹರಳು ಬೆಳೆಯುವಾಗ ಕಬ್ಬಿಣದ ಜೊತೆಗೆ ಟೈಟೇನಿಯಮ್ ಅಂಶ ಸೇರಿದರೆ ಆ ಪದರ ನೀಲಿಯಾಗುತ್ತದೆ. ಟೈಟೇನಿಯಮ್ ಇಲ್ಲದೆ ಕಬ್ಬಿಣವೊಂದೇ ದೊರೆತರೆ ಹಳದಿಗೆ ತಿರುಗುತ್ತದೆ. ಆದ್ದರಿಂದ ಎರಡು ಬಣ್ಣಗಳ ನಡುವಿನ ಗೆರೆ ಬಿರುಕಲ್ಲ, ಬೆಸುಗೆಯೂ ಅಲ್ಲ. ಹರಳಿನ ಬಾಳಿನಲ್ಲಿ ಸುತ್ತಣ ಲೋಕ ಬದಲಾದ ಗಳಿಗೆಯ ದಾಖಲೆ ಅದು.

ಡೊಂಬಿವಲಿಯ ಫಡಕೆ ರಸ್ತೆಯಲ್ಲಿ ಆರಂಭವಾದ ನಮ್ಮ ಶೋಧ ಕಲ್ಯಾಣ, ವಾಶಿಗಳನ್ನು ಸುತ್ತಿತು. ಕಲ್ಯಾಣ ನಿಲ್ದಾಣದಲ್ಲಿ ಇಳಿದಾಗಲೆಲ್ಲ ನನಗೆ ಇನ್ನೊಂದು ಕಲ್ಯಾಣ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ನೆನಪಾಗುವುದು ವೃತ್ತಿಯ ಅಭ್ಯಾಸ. 12ನೆಯ ಶತಮಾನದಲ್ಲಿ ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ರಾಜನ ಕೋಶವನ್ನು ಕುರಿತು ಬರೆಯುವಾಗ ರತ್ನಗಳ ಗುಣದೋಷಗಳನ್ನೂ ವಿಚಾರಿಸಿದ್ದಾನೆ. ಅರಸನಿಗೆ ಕೋಶವಿತ್ತು, ನನಗಿದ್ದುದು ಭವಿಷ್ಯನಿಧಿ. ಹೀಗಾಗಿ ಪರೀಕ್ಷೆ ಅವನದಕ್ಕಿಂತ ಬಿಗಿಯಾಗಿರಬೇಕಾಗಿತ್ತು.

ಹೋದಲ್ಲೆಲ್ಲ ನಮ್ಮೆದುರಿಗೆ ಬಂದದ್ದು ಅಚ್ಚುಹಾಕಿದಂಥ ಸಮನಾದ ನೀಲಿ. ಇಂಥವುಗಳಲ್ಲಿ ಬಹುಪಾಲು ಕುಲುಮೆಯಲ್ಲಿ ಕಾಯಿಸಿದವು. ಸಾಮಾನ್ಯವಾಗಿ 1,500 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಕಲ್ಲಿನೊಳಗಿನ ಮಬ್ಬು ಕರಗಿ ಬಣ್ಣ ತಿಳಿಯಾಗುತ್ತದೆ, ಇಲ್ಲವೇ ಗಾಢವಾಗುತ್ತದೆ. ಹೇಳಿ ಮಾರಿದರೆ ಇದು ವಂಚನೆಯಲ್ಲ. ಆ ಬಣ್ಣ ಮಾಸುವುದೂ ಇಲ್ಲ. ಆದರೆ 2000ದ ದಶಕದ ಆರಂಭದಲ್ಲಿ ಬಯಲಿಗೆ ಬಂದ ಇನ್ನೊಂದು ವಿಧಾನದಲ್ಲಿ ಬೆರಿಲಿಯಮ್ ಧಾತುವನ್ನು ಕಾವಿನೊಡನೆ ಒಳಗೆ ಇಳಿಸಿ, ಇಲ್ಲದ ಹಳದಿಯನ್ನೇ ತರಿಸುತ್ತಾರೆ. ಅದನ್ನು ಕಣ್ಣಾಗಲಿ ಭೂತಗನ್ನಡಿಯಾಗಲಿ ನಿಶ್ಚಯವಾಗಿ ಹಿಡಿಯಲಾರದು. ಬೆಂಕಿಯ ವಿಷಯದಲ್ಲಿ ಗರುಡಪುರಾಣದ ರತ್ನಪ್ರಕರಣ ಖಂಡಿತವಾದ ಮಾತಾಡುತ್ತದೆ: ಅಳತೆಯರಿಯದ ಉರಿಯಲ್ಲಿ ಕೆಟ್ಟ ನೀಲವು ಒಡೆಯನಿಗೂ ಸುಟ್ಟವನಿಗೂ ಸುಡಿಸಿದವನಿಗೂ ಅನರ್ಥಕಾರಿ. ಅದೇ ಪುರಾಣ ಹೇಳುವ ಇನ್ನೊಂದು ಲಕ್ಷಣ, ತನಗಿಂತ ನೂರ್ಮಡಿ ಹಾಲನ್ನು ನೀಲಿಯಾಗಿ ತೋರಿಸುವ ಮಹಾನೀಲದ್ದು. ಡೊಂಬಿವಲಿಯ ಪ್ಯಾಕೆಟ್ ಹಾಲಿನಲ್ಲಿ ಅದನ್ನು ಪರೀಕ್ಷಿಸುವ ಧೈರ್ಯ ನಮಗಾಗಲಿಲ್ಲ.

ಕೊನೆಗೆ ಠಾಣೆಯ ನೌಪಾಡಾದಲ್ಲಿ ದೊರೆತ ಹಿರಿಯ ರತ್ನವ್ಯಾಪಾರಿಯೊಬ್ಬರು ಹಾಲಿನ ಬದಲು ನೀರನ್ನು ತರಿಸಿದರು. ಬಿಳಿಯ ಕಾಗದದ ಮೇಲೆ ಗಾಜಿನ ಬಟ್ಟಲು, ಅದರೊಳಗೆ ಸುಮಾರು ಎರಡು ಕ್ಯಾರೆಟ್, ಎಂದರೆ 400 ಮಿಲಿಗ್ರಾಮ್ ತೂಗುವ ಕಲ್ಲು. "ಅಂಗಡಿಯ ದೀಪವನ್ನು ನಂಬಬೇಡಿ ಸರ್, ಕಿಟಕಿಯ ಬೆಳಕಿಗೆ ಬನ್ನಿ" ಎಂದು ಮರಾಠಿಯಲ್ಲಿ ಪಾಠ ಆರಂಭಿಸಿದರು. ಸಹಜವಾದ ಹರಳಿನಲ್ಲಿ ಬಣ್ಣದ ಗಡಿ ನೇರವಾಗಿ ಅಥವಾ ಕೋನವಾಗಿ ಸಾಗುತ್ತದೆ; ವೆರ್ನೋಯ್ 1902ರಲ್ಲಿ ಪ್ರಕಟಿಸಿದ ಜ್ವಾಲಾವಿಧಾನದ ಕೃತಕ ಕಲ್ಲಿನಲ್ಲಿ ಗೆರೆಗಳು ಬಾಗಿರುತ್ತವೆ. ಮೇಲ್ಮೈಗೆ ಮಾತ್ರ ಬಣ್ಣ ಇಳಿಸಿದ ಕಲ್ಲಾದರೆ ಮುಖಗಳ ಅಂಚಿನಲ್ಲಿ ಬಣ್ಣ ದಟ್ಟವಾಗಿ ಕಾಣುತ್ತದೆ. ಹತ್ತುಪಟ್ಟು ಹಿಗ್ಗಿಸುವ ಗಾಜಿನಲ್ಲಿ ರೇಷ್ಮೆಯೆಳೆಯಂಥ ಸೂಜಿಗಳು ತುಂಡಾಗದೆ ಕಂಡರೆ ಕಲ್ಲು ದೊಡ್ಡ ಕಾವನ್ನು ಕಂಡಿಲ್ಲವೆನ್ನಲು ಒಳ್ಳೆಯ ಆಧಾರ. ಅಂತಿಮ ಮಾತು ಮಾತ್ರ ಪ್ರಯೋಗಾಲಯದ್ದು.

ಪ್ರಯೋಗಾಲಯದ ವರದಿ ಬಂದಾಗ ನಾನು ಎರಡು ಸಲ ಓದಿದೆ. 'ಕಾಯಿಸಿಲ್ಲ' ಎಂದು ಅದರಲ್ಲಿರಲಿಲ್ಲ. ಕಾಯಿಸಿದ ಕುರುಹುಗಳು ಕಂಡುಬಂದಿಲ್ಲ ಎಂದಿತ್ತು. ಮಗಳಿಗೆ ಅನುಮಾನ, ನನಗೆ ಸಂತೋಷ. ಒಳ್ಳೆಯ ಗ್ರಂಥಸಂಪಾದಕನೂ ಇಷ್ಟೇ ಹೇಳುತ್ತಾನೆ. ಕಂಡುದನ್ನು ಹೇಳಿ, ಕಾಣದುದರ ಅಂಚಿನಲ್ಲಿ ನಿಲ್ಲುತ್ತಾನೆ. ಓಲೆಯ ಪ್ರತಿಯಲ್ಲಿ ಎರಡು ಕಾಲದ ಭಾಷೆ ಒಟ್ಟಿಗೆ ಸಿಕ್ಕಿದಾಗ ಒಂದನ್ನು ತಿದ್ದಿ ಸಮಮಾಡಿದರೆ ಪಠ್ಯ ನುಣುಪಾಗುತ್ತದೆ. ಆದರೆ ಅದು ನಡೆದುಬಂದ ದಾರಿ ಅಳಿಸಿಹೋಗುತ್ತದೆ. ಕಾಯಿಸದ ಕಲ್ಲಿಗೆ ನಾವು ಕೊಡುವ ಹೆಚ್ಚಿನ ಬೆಲೆ ಸೌಂದರ್ಯಕ್ಕಲ್ಲ, ಓದಲು ಉಳಿದಿರುವ ಆ ಚರಿತ್ರೆಗೆ. ಅದೇ ತೂಕದ ಕಾಯಿಸಿದ ಅಚ್ಚನೀಲಿ ಅಲ್ಲಿಯೇ ಅಗ್ಗವಾಗಿ ದೊರೆಯುತ್ತಿತ್ತು.

ಈ ಗಡಿಗೆರೆ ನನ್ನನ್ನು ಕಾಡಿದ್ದಕ್ಕೆ ಕಾರಣ ಬೇರೆಯೇ ಇದೆ. ಮಗಳು ನಮ್ಮೊಡನೆ ಧಾರವಾಡದ ಕನ್ನಡವನ್ನೂ ಗೆಳತಿಯರೊಡನೆ ಡೊಂಬಿವಲಿಯ ಮರಾಠಿಯನ್ನೂ ಆಡುತ್ತ ಬೆಳೆದವಳು. ಊರಿನಿಂದ ಬಂದವರು ಅವಳ ಕನ್ನಡಕ್ಕೆ ಮರಾಠಿಯ ವಾಸನೆಯೆಂದರು. ಇಲ್ಲಿಯವರು ಅವಳ ಮರಾಠಿಯಲ್ಲಿ ಕಾನಡಿ ರಾಗ ಹುಡುಕಿದರು. ಇಬ್ಬರಿಗೂ ಬೇಕಾದದ್ದು ಕಾಯಿಸಿದ ಏಕವರ್ಣ. 1112ರಲ್ಲಿ 'ಧರ್ಮಾಮೃತ'ವನ್ನು ರಚಿಸಿದ ನಯಸೇನನು ಕನ್ನಡದಲ್ಲಿ ಸಲ್ಲದ ಸಂಸ್ಕೃತವನ್ನು ಬೆರೆಸುವುದನ್ನು ತುಪ್ಪ ಎಣ್ಣೆಗಳ ಬೆರಕೆಯೆಂದು ಹಳಿದ. ಆ ಮಾತನ್ನು ನಾನು ಪಾಠದಲ್ಲಿ ಹಲವು ಬಾರಿ ಸಮರ್ಥಿಸಿದ್ದೇನೆ, ಈಗಲೂ ಸಮರ್ಥಿಸುತ್ತೇನೆ. ಆದರೆ ಬೆರಕೆಯೇ ಬೇರೆ, ಒಂದೇ ಹರಳಿನಲ್ಲಿ ಎರಡು ಬಣ್ಣ ಬೆಳೆಯುವುದೇ ಬೇರೆ. ಇಲ್ಲಿ ನೀಲಿಯನ್ನು ಹಳದಿ ಕೆಡಿಸಿಲ್ಲ. ಎರಡೂ ತಮ್ಮತಮ್ಮ ನೆಲೆಯಲ್ಲಿ ಅಚ್ಚಾಗಿಯೇ ಇವೆ.

ಹರಳನ್ನು ಕೂರಿಸುವ ಬಗೆಯಲ್ಲೂ ಎಚ್ಚರ ಬೇಕಾಯಿತು. ತಳ ಮುಚ್ಚಿದರೆ ಬೆಳಕು ಹಾಯದೆ ಎರಡೂ ಬಣ್ಣ ಮಂಕಾಗುತ್ತವೆ. ದಪ್ಪನೆಯ ಚಿನ್ನದ ಪಟ್ಟಿ ಸುತ್ತಿದರೆ ಗಡಿಯ ತುದಿಗಳು ಮರೆಯಾಗುತ್ತವೆ. ಆದ್ದರಿಂದ ತಳ ತೆರೆದಿಟ್ಟು, ಗೆರೆ ಬೆರಳಿಗೆ ಅಡ್ಡವಾಗಿ ನಡುವೆಯೇ ಕಾಣುವಂತೆ, ನಾಲ್ಕು ಮೂಲೆಗಳಲ್ಲಿ ಮಾತ್ರ ಚಿನ್ನ ಹಿಡಿಯುವಂತೆ ಮಾಡಿಸಿದೆವು. ಕಾಠಿಣ್ಯದಲ್ಲಿ ವಜ್ರದ ಹತ್ತಕ್ಕೆ ಇದು ಒಂಬತ್ತು. ದಿನದ ಲೋಕಲ್ ರೈಲಿನ ನೂಕುನುಗ್ಗಲನ್ನೂ ಅಡುಗೆಮನೆಯನ್ನೂ ತಾಳಿಕೊಳ್ಳುತ್ತದೆ. ನೆರೂಳಿನ ಮನೆಯಲ್ಲಿ ಯಾವ ಮಾತು ಎಷ್ಟು ಕಾಲ ಬಾಳುತ್ತದೆಂದು ಬರೆದುಕೊಡುವ ಪ್ರಯೋಗಾಲಯವಿಲ್ಲ. ತಂದೆಯ ಕೈಲಾಗುವುದು ಒಂದೇ: ಕಲ್ಲನ್ನು ಬೆಂಕಿಗೆ ಕೊಡದೆ, ಅದು ಬೆಳೆದಂತೆಯೇ ಒಪ್ಪಿಸುವುದು.