ಐಲೆಟ್ ಹೆಕ್ಕುವ ಸುಖ

ಬಂಟ್ವಾಳದ ಬಿ.ಸಿ. ರೋಡ್ ಇರಲಿ, ಬೆಳ್ತಂಗಡಿ ಇರಲಿ, ಮೂಡುಬಿದಿರೆ ಪೇಟೆ ಇರಲಿ, ರಕ್ತಪರೀಕ್ಷೆಯ ಲ್ಯಾಬಿನ ಬಾಗಿಲು ತೆರೆಯುವ ಹೊತ್ತಿಗೆ ಶುಗರ್ ನೋಡಿಸಲು ಬಂದವರು ಬೆಂಚಿನ ಮೇಲೆ ಕೂತಿರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ಕೈ ಚಾಚುತ್ತಾರೆ. ಆ ಎರಡು ಅಂಕಿಗಳ ನಡುವೆ ದೇಹದೊಳಗೆ ನಡೆಯುವುದೇನು? ಉಜಿರೆಯ ಎಸ್‌ಡಿಎಂನಲ್ಲೋ ಮೂಡುಬಿದಿರೆಯ ಆಳ್ವಾಸ್‌ನಲ್ಲೋ ಬಿಎಸ್ಸಿ ಮುಗಿಸಿ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಬಸ್ಸು ಹತ್ತುವವರಿಗೆ ಇದು ಪಠ್ಯದ ಒಂದೆರಡು ಪುಟದ ವಿಷಯ. ಪಿಎಚ್‌ಡಿಗೆ ಇದನ್ನೇ ಹಿಡಿದವರಿಗೆ ಮಾತ್ರ ವರ್ಷಗಟ್ಟಲೆ ಬಿಡದ ಗೀಳು.

ಹೊಟ್ಟೆಯ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿಯ ಬಹುಪಾಲು ತಯಾರಿಸುವುದು ಜೀರ್ಣರಸವನ್ನು. ಅದರ ನಡುವೆ ಅಲ್ಲಲ್ಲಿ ಹರಡಿರುವ, ಒಟ್ಟು ತೂಕದಲ್ಲಿ ನೂರಕ್ಕೆ ಒಂದೆರಡು ಪಾಲಷ್ಟೇ ಆಗುವ ಜೀವಕೋಶಗಳ ಗುಂಪುಗಳೇ ಐಲೆಟ್‌ಗಳು. ಮನುಷ್ಯನಲ್ಲಿ ಇವು ಸುಮಾರು 10 ಲಕ್ಷ. ಒಂದೊಂದರ ಅಡ್ಡಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಸಕ್ಕರೆ ಏರಿದಾಗ ಇನ್ಸುಲಿನ್ ಬಿಡುವ ಬೀಟಾ ಕೋಶ, ಇಳಿದಾಗ ಗ್ಲುಕಗಾನ್ ಬಿಡುವ ಆಲ್ಫಾ ಕೋಶ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ.

ಈ ಶಾಸ್ತ್ರ ಮೊದಲಿನಿಂದಲೂ ಎಳೆಯರ ಕೈಯಲ್ಲಿ ಬೆಳೆದದ್ದು. 1869ರಲ್ಲಿ ಬರ್ಲಿನ್ನಿನ ಪೌಲ್ ಲ್ಯಾಂಗರ್‌ಹ್ಯಾನ್ಸ್ ಈ ಗುಂಪುಗಳನ್ನು ವರ್ಣಿಸಿದ್ದು ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ. ಆಗ ಅವರಿಗೆ 21 ವರ್ಷ. ಇವುಗಳ ಕೆಲಸವೇನೆಂದು ತಿಳಿಯದೆಯೇ 1888ರಲ್ಲಿ ತೀರಿಕೊಂಡರು. ಮರುವರ್ಷ ಸ್ಟ್ರಾಸ್‌ಬರ್ಗ್‌ನಲ್ಲಿ ಫಾನ್ ಮೆರಿಂಗ್ ಮತ್ತು ಮಿಂಕೋವ್‌ಸ್ಕಿ ನಾಯಿಯ ಮೇದೋಜೀರಕವನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಜೊತೆ ಇನ್ಸುಲಿನ್ ಹುಡುಕಾಟಕ್ಕೆ ನಿಂತು, ದಿನವೂ ನಾಯಿಗಳ ರಕ್ತದ ಸಕ್ಕರೆ ಅಳೆದ ಚಾರ್ಲ್ಸ್ ಬೆಸ್ಟ್ ಆಗಷ್ಟೇ ಪದವಿ ಮುಗಿಸಿದ್ದ 22ರ ತರುಣ.

ಇಂದಿನ ವಿದ್ಯಾರ್ಥಿಯ ಕೈಗೆ ಬಂದಿರುವ ವಿಧಾನದ ಮೂಲ 1967ರಲ್ಲಿ ಪಾಲ್ ಲೇಸಿ ಮತ್ತು ಮೇರಿ ಕೋಸ್ಟಿಯಾನೋವ್‌ಸ್ಕಿ ಪ್ರಕಟಿಸಿದ್ದು. ಚಿಟ್ಟಿಲಿಯ ಪಿತ್ತನಾಳಕ್ಕೆ ಕೊಲಾಜಿನೇಸ್ ಎಂಬ ಕಿಣ್ವದ ದ್ರಾವಣವನ್ನು ಸಪೂರ ಸೂಜಿಯಿಂದ ನಿಧಾನ ಒತ್ತಿದರೆ ಗ್ರಂಥಿ ಉಬ್ಬುತ್ತದೆ. 37 ಡಿಗ್ರಿ ಬಿಸಿಯಲ್ಲಿ ಕೆಲವು ನಿಮಿಷ ಇಟ್ಟರೆ ಕೋಶಗಳನ್ನು ಬಿಗಿದಿಟ್ಟ ಎಳೆಗಳು ಕರಗುತ್ತವೆ. ಹೊತ್ತು ಮೀರಿದರೆ ಐಲೆಟ್‌ಗಳೂ ಚೂರಾಗುತ್ತವೆ. ಕಡಿಮೆಯಾದರೆ ಸುತ್ತಲಿನ ಅಂಗಾಂಶ ಬಿಟ್ಟುಕೊಡುವುದಿಲ್ಲ. ಆ ಹದ ಕಣ್ಣಿಗೆ, ಕೈಗೆ ಅಭ್ಯಾಸವಾಗಬೇಕು.

ಆಮೇಲೆ ಹೆಕ್ಕುವ ಕೆಲಸ. ಸೂಕ್ಷ್ಮದರ್ಶಕದ ಕೆಳಗಿನ ತಟ್ಟೆಯಲ್ಲಿ, ಕಪ್ಪು ಹಿನ್ನೆಲೆಯ ಮೇಲೆ, ಕೆನೆಬಣ್ಣದ ದುಂಡನೆಯ ಕಾಳುಗಳು. ಪಿಪೆಟ್ಟಿನ ತುದಿಯಿಂದ ಒಂದೊಂದನ್ನೇ ಎಳೆದು ಬೇರೆ ತಟ್ಟೆಗೆ ಬಿಡಬೇಕು. ಕುಚ್ಚಲಕ್ಕಿಯಲ್ಲಿ ಕಲ್ಲು ಹೆಕ್ಕಿ ಗೊತ್ತಿರುವ ಕೈಗೆ ಈ ತಾಳ್ಮೆ ಹೊಸದಲ್ಲ. ನೂರಾರು ಕಾಳು ಹೆಕ್ಕಿ ಕತ್ತು ಎತ್ತುವಾಗ ಮಧ್ಯಾಹ್ನ ಕಳೆದಿರುತ್ತದೆ, ಬೇಸರ ಮಾತ್ರ ಬಂದಿರುವುದಿಲ್ಲ.

ಹೆಕ್ಕಿದ್ದು ಐಲೆಟ್ ಹೌದೇ ಎಂದು ನೋಡಲು ಡೈಥಿಜೋನ್ ಎಂಬ ಬಣ್ಣ ಹನಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಐಲೆಟ್‌ಗಳು ಕಡುಕೆಂಪಾಗುತ್ತವೆ, ಉಳಿದ ಅಂಗಾಂಶಕ್ಕೆ ಬಣ್ಣ ಹತ್ತುವುದಿಲ್ಲ. ಕಾರಣ, ಈ ಬಣ್ಣ ಅಂಟಿಕೊಳ್ಳುವ ಸತು. ಬೀಟಾ ಕೋಶದೊಳಗೆ ಇನ್ಸುಲಿನ್ನಿನ ಆರು ಅಣುಗಳು ಸತುವಿನ ಸುತ್ತ ಒಂದಾಗಿ ಕಟ್ಟಿಕೊಂಡಿರುತ್ತವೆ. ಆ ಕಟ್ಟನ್ನು 1969ರಲ್ಲಿ ಬಿಡಿಸಿ ತೋರಿಸಿದ ಡೊರೊತಿ ಹಾಡ್ಜ್‌ಕಿನ್ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನವನ್ನು ಬೆಳೆಸಿದರು.

ರಾತ್ರಿಯಿಡೀ ವಿಶ್ರಾಂತಿ ಕೊಟ್ಟ ಐಲೆಟ್‌ಗಳಿಗೆ ಮರುದಿನ ಪರೀಕ್ಷೆ. ಮೊದಲು 2.8 ಮಿಲಿಮೋಲ್ ಗ್ಲುಕೋಸ್, ನಂತರ 16.7. ಲ್ಯಾಬಿನ ಚೀಟಿಯ ಲೆಕ್ಕದಲ್ಲಿ ಹೇಳುವುದಾದರೆ ಶುಗರ್ 50 ಮತ್ತು 300. ಗ್ಲುಕೋಸ್ ಬೀಟಾ ಕೋಶದೊಳಗೆ ಉರಿದು, ಶಕ್ತಿ ಹೊರುವ ಅಣುವಾದ ಎಟಿಪಿ ಹೆಚ್ಚಿದಾಗ ಪೊಟ್ಯಾಸಿಯಂ ದಾರಿ ಮುಚ್ಚುತ್ತದೆ, ಕ್ಯಾಲ್ಸಿಯಂ ದಾರಿ ತೆರೆಯುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ಕ್ಯಾಲ್ಸಿಯಂಗೆ ಮಿನುಗುವ ಬಣ್ಣ ಹಾಕಿ ನೋಡಿದವರಿಗೆ ಇಡೀ ಐಲೆಟ್ ಒಟ್ಟಿಗೇ ಬೆಳಗಿ ಒಟ್ಟಿಗೇ ಮಂಕಾಗುವುದು ಕಾಣುತ್ತದೆ. ಅಕ್ಕಪಕ್ಕದ ಬೀಟಾ ಕೋಶಗಳು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಈ ಒಗ್ಗಟ್ಟು. ಊರಿನ ಔಷಧಿ ಅಂಗಡಿಯಲ್ಲಿ ಸಿಗುವ ಗ್ಲಿಮೆಪಿರೈಡ್ ಮಾತ್ರೆ ಅದೇ ಪೊಟ್ಯಾಸಿಯಂ ದಾರಿಯನ್ನು ಗ್ಲುಕೋಸಿಗೆ ಕಾಯದೆ ತಾನೇ ಮುಚ್ಚುತ್ತದೆ. ಅದಕ್ಕೇ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ಶುಗರ್ ಕುಸಿಯುವ ಭಯ.

ಇನ್ಸುಲಿನ್ ಬರುವುದು ಎರಡು ಹಂತದಲ್ಲಿ. ಮೊದಲ ಹತ್ತು ನಿಮಿಷದೊಳಗೆ ಒಂದು ರಭಸ, ನಂತರ ನಿಧಾನದ ಹರಿವು. ಎರಡನೇ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಬೇಗ ಕುಗ್ಗುವುದು ಮೊದಲಿನ ರಭಸ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಬಾಸ್ಟನ್ನಿನ ಜೋಸ್ಲಿನ್ ಕೇಂದ್ರ ಸೇರಿದ ರೋಹಿತ್ ಕುಲಕರ್ಣಿ ಮತ್ತು ಸಂಗಡಿಗರು 1999ರಲ್ಲಿ ಇದರ ಒಂದು ಬೇರನ್ನು ಹಿಡಿದರು. ಇಲಿಯ ಬೀಟಾ ಕೋಶದಿಂದ ಇನ್ಸುಲಿನ್ ಗ್ರಾಹಕವನ್ನೇ ತೆಗೆದಾಗ ಆ ರಭಸ ಮಾಯವಾಯಿತು. ಇನ್ಸುಲಿನ್ ಬಿಡುವ ಕೋಶಕ್ಕೂ ಇನ್ಸುಲಿನ್ ಬೇಕು!

ಕರಾವಳಿಯವರು ಶುಗರಿಗೆ ಕುದಿಸಿ ಕುಡಿಯುವ ಏಕನಾಯಕನ ಬೇರಿನ ಕುಲದಲ್ಲೂ ಸ್ವಾರಸ್ಯವಿದೆ. ಸಲೇಸಿಯಾ ಎಂಬ ಈ ಕುಲದ ಒಂದು ಗಿಡದಿಂದ ಜಪಾನಿನ ವಿಜ್ಞಾನಿಗಳು 1997ರಲ್ಲಿ ಸಲಾಸಿನಾಲ್ ಬೇರ್ಪಡಿಸಿದರು. ಅದು ಕೆಲಸ ಮಾಡುವುದು ಕರುಳಿನಲ್ಲಿ, ಪಿಷ್ಟ ಒಡೆದು ಗ್ಲುಕೋಸ್ ಆಗುವುದನ್ನು ನಿಧಾನಿಸಿ. ಐಲೆಟ್ ಓದಿದವರಿಗೆ ಇಂಥಲ್ಲಿ ಕೇಳಬೇಕಾದ ಪ್ರಶ್ನೆ ಗೊತ್ತಿರುತ್ತದೆ: ಸಕ್ಕರೆ ಇಳಿಸಿದ್ದು ಎಲ್ಲಿ, ಹೇಗೆ?

2000ದಲ್ಲಿ ಕೆನಡಾದ ಎಡ್ಮಂಟನ್‌ನ ವೈದ್ಯರು ದಾನಿಗಳ ಐಲೆಟ್‌ಗಳನ್ನು ಕಸಿ ಮಾಡಿ 7 ಮಂದಿಯನ್ನು ಇನ್ಸುಲಿನ್ ಚುಚ್ಚುಮದ್ದಿನಿಂದ ಬಿಡಿಸಿದರು. 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಂಡಕೋಶದಿಂದ ಬೆಳೆಸಿದ ಐಲೆಟ್‌ಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿಗೆ ವರ್ಷದ ಬಳಿಕ ಚುಚ್ಚುಮದ್ದು ಬೇಕಾಗಿರಲಿಲ್ಲ. ದೇಹ ಇವನ್ನು ಹೊರಗಿನದೆಂದು ಕೊಲ್ಲದಂತೆ ತಡೆಯುವ ಔಷಧಿಯಿಲ್ಲದೆ ಉಳಿಸುವುದು ಹೇಗೆ? ಬೀಟಾ ಕೋಶಗಳು ನಡುವೆ ಗುಂಪುಗೂಡಿರುವ ಇಲಿಯ ಐಲೆಟ್ಟಿನ ಪಾಠ, ಎಲ್ಲ ಕೋಶಗಳೂ ಬೆರೆತಿರುವ ಮನುಷ್ಯನ ಐಲೆಟ್ಟಿಗೆ ಎಷ್ಟು ಹೊಂದುತ್ತದೆ? ಕೊಣಾಜೆಯಲ್ಲಿ ಈಗ ಎಂಎಸ್ಸಿ ಓದುತ್ತಿರುವವರು ಸಿಎಸ್‌ಐಆರ್-ನೆಟ್ ಬರೆದು ಸಂಶೋಧನೆಗೆ ಇಳಿದರೆ ಅವರ ಕೈಗೆ ಸಿಗುವುದು ಈ ಪ್ರಶ್ನೆಗಳೇ.